ಕಂಪ್ಯೂಟರ್ ಹೇಳಿಕೊಟ್ಟ ನಾಮಾವಳಿ

ಕಣ್ಣು ಹೋದಮೇಲೆ ಅಮ್ಮನವರು ನನ್ನನ್ನು ಅಳಿಸಿದ್ದಕ್ಕಿಂತ ನಗಿಸಿದ್ದೇ ಜಾಸ್ತಿ. ಕಂಪ್ಯೂಟರ್ ಮುಂದೆ ಕೂತಮೇಲಂತೂ ಏನಾದರೊಂದು ಆಗುತ್ತಲೇ ಇರುತ್ತದೆ.

ದೊಡ್ಡಬಳ್ಳಾಪುರದ ನಮ್ಮ ಬೀದಿಯ ಅಮ್ಮನವರ ಗುಡಿಯಲ್ಲಿ ಶುಕ್ರವಾರ ಅಷ್ಟೋತ್ತರ ಹೇಳಿಸುವ ಸೇವೆ ನನ್ನದಾಗಿತ್ತು. ಕಣ್ಣು ಹೋಗಿ ಪುಸ್ತಕ ಕಾಣದಾಯಿತು, ಬಾಯಿಪಾಠ ಹೇಳಿದರೆ ನಾಮಗಳು ಹಾರಿಹೋಗುತ್ತಿದ್ದವು. ಸೇವೆ ಕೈತಪ್ಪಿತು. ಅದನ್ನು ಮತ್ತೆ ಪಡೆಯಬೇಕೆಂದೇ ಕಣ್ಣು ಕಾಣದವರಿಗೆ ಕಂಪ್ಯೂಟರ್, ಬ್ರೈಲ್ ಕಲಿಸುವ ತರಬೇತಿಗೆ ಸೇರಿದೆ.

ನಕ್ಷತ್ರ

ಮೊದಲ ದಿನ ಮೇಷ್ಟ್ರು, "ಪಾಸ್‌ವರ್ಡ್ ಹೊಡೀರಿ ಅಮ್ಮ" ಅಂದರು. ಒಂದು ಕೀ ಒತ್ತಿದೆ. ಪಾಸ್‌ವರ್ಡ್ ಗುಟ್ಟಾಗಿರಲೆಂದು ಆ ಮಾತಾಡುವ ಕಂಪ್ಯೂಟರ್ ಅಕ್ಷರದ ಬದಲು "ಸ್ಟಾರ್" ಅಂತು. ನನಗೇನು ಗೊತ್ತು! ಅರ್ಚನೆಗೆ ಕೇಳುವ ಹಾಗೆ ನಕ್ಷತ್ರ ಕೇಳುತ್ತಿದೆ ಅಂದುಕೊಂಡು, ಬಗ್ಗಿ "ರೋಹಿಣಿ" ಅಂದೆ. ಇನ್ನೊಂದು ಒತ್ತಿದೆ. ಮತ್ತೆ "ಸ್ಟಾರ್".

"ಇದಕ್ಕೆ ಕಿವಿ ಮಂದ ಸಾರ್. ಗೋತ್ರಾನೂ ಹೇಳ್ಬಿಡ್ಲಾ?"

ಮಂತ್ರ

ಬ್ರೈಲ್ ಅಂದರೆ ದಪ್ಪ ಹಾಳೆ ಮೇಲಿನ ಉಬ್ಬು ಚುಕ್ಕೆಗಳನ್ನು ಬೆರಳಲ್ಲಿ ಸವರಿ ಓದುವುದು. ಹಾಳೆಯನ್ನು ಭಕ್ತಿಯಿಂದ ಕಣ್ಣಿಗೊತ್ತಿಕೊಂಡು ತೊಡೆಮೇಲಿಟ್ಟು ಸವರಿದೆ, ಸವರಿದೆ.

"ಏನಿದೆ ಅಮ್ಮ?"

"ಕನ್ನಡ ಅಲ್ಲ ಸಾರ್, ಯಾವ್ದೋ ಬೀಜಾಕ್ಷರ ಮಂತ್ರ. ಮಡೀಲಿ ಓದ್ಬೇಕೇನೋ."

"ಮಡಿ ಬೇಡಮ್ಮ, ಹಾಳೆ ತಲೆಕೆಳಗಾಗಿದೆ. ತಿರುಗಿಸಿದ್ರೆ ಸಾಕು."

ಅತ್ತೆಯ ಕರುಣೆ

ಕಂಪ್ಯೂಟರ್ ಪರದೆ ಮೇಲಿರುವುದನ್ನೆಲ್ಲ ಓದಿ ಹೇಳುವುದು ಒಂದು ಹೆಣ್ಣುದನಿ. ಮನೆಯಲ್ಲಿ ಅಭ್ಯಾಸ ಮಾಡುವಾಗ ಪಕ್ಕದ ಮಗ್ಗಗಳ ಸದ್ದಿಗೆ ಕೇಳಿಸದೆ ಜೋರು ಮಾಡಿದೆ. ಒಳಗಿಂದ ನಮ್ಮತ್ತೆ, "ಯಾರೇ ಅದು? ಆಗ್ಲಿಂದ ಒಂದೇ ಸಮ ಒದರ್ತಾ ಅವ್ಳೆ. ಒಂದ್ಲೋಟ ನೀರಾದ್ರೂ ಕೊಡಬಾರ್ದೇನೇ!"

ಹೊಸ ನಾಮಗಳು

ಕೊನೆಗೂ ಅರ್ಚಕರು, "ಈ ಶುಕ್ರವಾರ ನೀವೇ ಹೇಳ್ಸಿ, ನೋಡೋಣ" ಅಂದರು. ಬೆರಳು ಇನ್ನೂ ನಿಧಾನ; ಅದಕ್ಕೇ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೆ. ಲ್ಯಾಪ್‌ಟಾಪ್ ಕಿವಿಯಲ್ಲಿ ನಾಮ ಹೇಳುತ್ತದೆ, ನಾನು ಅದನ್ನೇ ಜೋರಾಗಿ ಹೇಳುತ್ತೇನೆ, ಹೆಂಗಸರು "ನಮಃ" ಅನ್ನುತ್ತಾರೆ, ಅರ್ಚಕರು ಕುಂಕುಮ ಹಾಕುತ್ತಾರೆ. ಒಂದೂ ತಪ್ಪಲಿಲ್ಲ. ಕಣ್ಣಲ್ಲಿ ನೀರು ತುಂಬಿ, ಮೈಮರೆತು ಹೇಳುತ್ತಾ ಹೋದೆ.

"ಓಂ ಬ್ಯಾಟರಿ ಲೋ!"

"ನಮಃ!"

"ಓಂ ಕನೆಕ್ಟ್ ಚಾರ್ಜರ್!"

"ನಮಃ!"

ಆಮೇಲೆ ಹೊಳೆಯಿತು ನನಗೆ. ಹೋಯ್ತಲ್ಲ ತಾಯಿ, ಈ ಸೇವೆ ಮತ್ತೆ ಹೋಯ್ತು! ಯಾರೋ ಓಡಿಬಂದು ಚಾರ್ಜರ್ ಸಿಕ್ಕಿಸಿದರು. ಉಳಿದ ನಾಮಗಳನ್ನು ಮುಗಿಸಿದೆ.

ಅರ್ಚಕರು ಮಂಗಳಾರತಿ ತಟ್ಟೆ ಹಿಡಿದು ಹತ್ತಿರ ಬಂದರು.

"ಆ ಎರಡಕ್ಕೂ ಕುಂಕುಮ ಹಾಕಿಬಿಟ್ಟೆ, ಅಮ್ಮನವರು ಒಪ್ಪಿಕೊಂಡಾಯ್ತು. ಮುಂದಿನ ಶುಕ್ರವಾರ ಮಾತ್ರ ನೂರೆಂಟಕ್ಕೇ ನಿಲ್ಸಮ್ಮ, ನೂರಹತ್ತು ಬೇಡ!"