ಕಜ್ಜಾಯದ ಚೀಲ, ಚಾಪೆಯೊಳಗಿನ ಕೋವಿ

ನನ್ನಷ್ಟು ಜವಾಬ್ದಾರಿಯುತ ಕೋವಿಧಾರಿ ಇಡೀ ಕನಕಪುರ ತಾಲ್ಲೂಕಿನಲ್ಲೇ ಇನ್ನೊಬ್ಬನಿಲ್ಲ ಎಂದು ಒಂದು ಆಯುಧಪೂಜೆಯವರೆಗೆ ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಉಯ್ಯಂಬಳ್ಳಿಯಿಂದಾಚೆ, ಕಾಡಿನಂಚಿನಲ್ಲಿ ನಮ್ಮ ಹೊಲ. ಕಡ್ಲೆಕಾಯಿ ಬಲಿತಿದೆಯೋ ಇಲ್ಲವೋ ಎಂಬುದು ನಮಗಿಂತ ಮೊದಲು ಕಾಡುಹಂದಿಗಳಿಗೆ ಗೊತ್ತಾಗುತ್ತದೆ. ಅವು ಕಿತ್ತು ಬಿಟ್ಟದ್ದನ್ನು ನಾವು ಆರಿಸಿಕೊಳ್ಳಬೇಕು! ಅದಕ್ಕೆಂದೇ ಮೂರು ವರ್ಷ ಆಫೀಸು ಆಫೀಸು ಅಲೆದು, ಎರಡು ಜೊತೆ ಚಪ್ಪಲಿ ಸವೆಸಿ, ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಮಾಡಿಸಿ ಒಂಟಿ ನಳಿಗೆಯ ಕೋವಿ ತಂದಿದ್ದೆ. ಇದುವರೆಗೆ ನಾಲ್ಕು ಸಲ ಹೊಡೆದಿದ್ದೇನೆ. ನಾಲ್ಕೂ ಆಕಾಶಕ್ಕೆ. ಸದ್ದಿಗೆ ಹಂದಿಗಳು ಓಡುತ್ತವೆ, ಹೊಲದಲ್ಲಿದ್ದ ಆಳುಗಳೂ ಓಡುತ್ತಾರೆ. ಹಂದಿಗಳು ಮಾತ್ರ ಮತ್ತೆ ಬರುತ್ತವೆ.

ಕೋವಿ ಬೀರುವಿನಲ್ಲಿ, ತೋಟಾಗಳು ಟ್ರಂಕಿನಲ್ಲಿ, ಎರಡರ ಬೀಗದ ಕೈಯೂ ನನ್ನ ಹೆಂಡತಿ ಜಯಮ್ಮನ ಸೊಂಟದಲ್ಲಿ. ಇಷ್ಟು ಶಿಸ್ತಿನ ಮನುಷ್ಯನಿಗೆ ಯಾವ ಕಾನೂನು ತಾನೇ ಏನು ಮಾಡೀತು?

ಲೈಸೆನ್ಸ್ ನವೀಕರಣದ ಕಾಲ ಬಂತು. ಹಬ್ಬ ಮುಗಿದ ಮೇಲೆ ಗುರುವಾರ ಕೋವಿ, ಪುಸ್ತಕ ಎರಡನ್ನೂ ರಾಮನಗರದ ಆಫೀಸಿಗೆ ತಂದು ತೋರಿಸಬೇಕೆಂದು ಕಾಗದ ಬಂತು. ಒಂದು ಕಡೆ ಏನಾದರೂ ಎಡವಿದರೆ ಮತ್ತೆ ಮೂರು ವರ್ಷ ಅಲೆಯಬೇಕು, ಅಷ್ಟರಲ್ಲಿ ಹಂದಿಗಳು ಹೊಲದಲ್ಲೇ ಮನೆ ಕಟ್ಟಿಕೊಂಡಿರುತ್ತವೆ. ಹೀಗಾಗಿ ಆ ಸಲದ ಆಯುಧಪೂಜೆಯನ್ನು ನಾನೇ ಖುದ್ದು ನಿಂತು ಮಾಡಿದೆ. ಬರಿದಾದದ್ದು ಯಾವುದನ್ನೂ ಪೂಜೆಗೆ ಇಡಬಾರದು ಎಂಬುದು ನಮ್ಮ ಮನೆಯ ಪದ್ಧತಿ. ಸೇರಿನ ತುಂಬ ರಾಗಿ, ಬಿಂದಿಗೆಯ ತುಂಬ ನೀರು, ಟ್ರ್ಯಾಕ್ಟರಿನ ತುಂಬ ಡೀಸೆಲ್ಲು, ಔಷಧಿ ಹೊಡೆಯುವ ಕ್ಯಾನಿಗೂ ಎರಡು ಚೊಂಬು ನೀರು. ಕೋವಿಗೆ ಮೂರು ಗೆರೆ ವಿಭೂತಿ, ಮೈತುಂಬ ಗಂಧ, ಒಂದು ಮೊಳ ಚೆಂಡುಹೂವು. ಲೈಸೆನ್ಸ್ ಪುಸ್ತಕಕ್ಕೂ ಅರಿಶಿನ ಕುಂಕುಮ ಇಟ್ಟೆ. ಗುರುವಾರ ಕೆಲಸ ಆಗಬೇಕಾದದ್ದು ಅದರಿಂದ ತಾನೇ?

ಗುರುವಾರ ಬೆಳಿಗ್ಗೆ ಹೊರಟೆ. ಜನ ಗಾಬರಿಯಾಗಬಾರದು ಎಂಬ ಸದುದ್ದೇಶದಿಂದ, ಹೂವಿನ ಅಲಂಕಾರವೂ ಕೆಡಬಾರದು ಎಂಬ ಭಕ್ತಿಯಿಂದ ಕೋವಿಯನ್ನು ಚಾಪೆಯಲ್ಲಿ ಸುತ್ತಿ ಹಗ್ಗ ಬಿಗಿದೆ. ಆಮೇಲೆ ಅಡುಗೆಮನೆಗೆ ಹೋಗಿ ಕಜ್ಜಾಯದ ಚೀಲ ಎತ್ತಿಕೊಂಡೆ.

"ಅದ್ಯಾಕೆ?" ಅಂದಳು ಜಯಮ್ಮ.

"ದೊಡ್ಡಮಳೂರಲ್ಲಿ ನಿನ್ನ ತಮ್ಮಂಗೆ ಕೊಟ್ಬುಟ್ಟು ಬತ್ತೀನಿ. ಆಫೀಸ್ನೋರು ಬರಾದು ಹೆಂಗೂ ಹನ್ನೊಂದಕ್ಕೆ."

"ಕೋವಿ ಹಿಡ್ಕಂಡು ನೆಂಟರ ಮನೆಗೆ ಯಾರಾರಾ ಹೋದಾರಾ? ಸೀದಾ ಆಫೀಸ್ಗೋಗಿ, ಸೀದಾ ಮನೆಗೆ ಬನ್ನಿ."

"ಏ, ಕಾನೂನು ನಂಗೊತ್ತು ಸುಮ್ನಿರು!"

ನಿಜ ಹೇಳಬೇಕೆಂದರೆ ಕಜ್ಜಾಯ ಒಂದು ನೆಪ. ನನ್ನ ಭಾಮೈದ ಪ್ರತಿ ಹಬ್ಬಕ್ಕೂ "ಭಾವನ ಕೋವಿಗಿಂತ ನಮ್ಮ ಹಟ್ಟಿ ಮುಂದ್ಲ ಪಟಾಕಿನೇ ವಾಸಿ" ಎಂದು ನಾಲ್ಕು ಜನರ ಮುಂದೆ ನಗುತ್ತಿದ್ದ. ಅಲಂಕೃತ ಕೋವಿಯನ್ನು ಅವನ ಜಗಲಿಯ ಮೇಲೆ ಬಿಚ್ಚಿ ತೋರಿಸಬೇಕೆಂಬ ಆಸೆ ನನಗೆ ಬಹಳ ದಿನದಿಂದ ಇತ್ತು.

ಬಸ್ಸಿನಲ್ಲಿ ಕಂಡಕ್ಟರು ಚಾಪೆಯನ್ನು ಬೆರಳಿನಿಂದ ತಟ್ಟಿ ನೋಡಿದ.

"ಯಜಮಾನ್ರೇ, ಏನಿದು, ಚಾಪೆ ಇಷ್ಟ್ ಗಟ್ಟಿಯಾಗೈತೆ?"

"ಒಳಗೆ ಗುದ್ದಲಿ ಕಾವೈತೆ ಕಣಪ್ಪ," ಅಂದೆ.

ಆ ಕ್ಷಣದವರೆಗೆ ನಾನು ಕಾನೂನುಬದ್ಧ ಪ್ರಜೆ. ಆ ಒಂದು ವಾಕ್ಯದಿಂದ ಕಳ್ಳನಾದೆ! ರಾಮನಗರ ಬಂತು, ಹೋಯಿತು. ಇಳಿಯಬೇಕಾದವನು ಇಳಿಯಲಿಲ್ಲ. ಕಿಟಕಿಯಿಂದ ಬೆಟ್ಟ ನೋಡುತ್ತಾ ಭಾಮೈದನ ಮುಖ ಹೇಗಾಗಬಹುದು ಎಂದು ಯೋಚಿಸುತ್ತಾ ಕೂತಿದ್ದೆ.

ಚನ್ನಪಟ್ಟಣ ಇನ್ನೇನು ಬಂತು ಅನ್ನುವಾಗ ಡ್ರೈವರ್ ಒಂದು ಹಂಪ್ಸ್ ನೋಡಲಿಲ್ಲ. ಬಸ್ಸು ಹಾರಿತು. ಮೇಲೆ ಇಟ್ಟಿದ್ದ ಚಾಪೆಯ ಹಗ್ಗ ಸಡಿಲವಾಗಿ, ಕೋವಿ ಸರ್ರನೆ ಜಾರಿ, ಮುಂದಿನ ಸೀಟಿನಲ್ಲಿದ್ದ ಅಜ್ಜಿಯ ಮಡಿಲಿಗೆ ಬಂತು. ನಳಿಗೆ ಅಜ್ಜಿಯ ಗದ್ದದ ಕಡೆಗೇ ಇತ್ತು. ಅಜ್ಜಿಗೆ ಕಂಡದ್ದು ವಿಭೂತಿ, ಗಂಧ, ಹೂವಿನ ಹಾರ. ಅವರು ಕಣ್ಣು ಮುಚ್ಚಿ ಕೈ ಮುಗಿದರು.

"ಲೇ, ಗನ್ನು ಕಣ್ಲಾ!" ಎಂದು ಹಿಂದಿನಿಂದ ಯಾರೋ ಕೂಗಿದರು. ಅಷ್ಟೇ! ನಲವತ್ತು ಜನ ಸೀಟಿನ ಕೆಳಗೆ. ಕೂತಿದ್ದವರು ಇಬ್ಬರೇ: ಕೈ ಮುಗಿದ ಅಜ್ಜಿ, ಕೈ ಎತ್ತಿದ ನಾನು.

"ಪೂಜೆ ಮಾಡಿರ ಕೋವಿ ಕಣ್ರಪ್ಪಾ, ಲೈಸೆನ್ಸ್ ಐತೆ!" ಎಂದು ಬಡಿದುಕೊಂಡೆ.

"ಗುದ್ದಲಿ ಕಾವು ಅಂದ್ರಲ್ಲಾ, ಬರ್ತಾ ಬರ್ತಾ ಕೋವಿ ಆಗ್ಬುಡ್ತಾ?" ಅಂದ ಕಂಡಕ್ಟರು, ಸೀಟಿನ ಕೆಳಗಿನಿಂದಲೇ.

ಬಸ್ಸು ಸ್ಟ್ಯಾಂಡಿಗೆ ಹೋಗಲೇ ಇಲ್ಲ. ಸೀದಾ ಪೊಲೀಸ್ ಠಾಣೆಯ ಮುಂದೆ ನಿಂತಿತು. ಇಷ್ಟು ವರ್ಷದಲ್ಲಿ ನನ್ನೊಬ್ಬನಿಗೋಸ್ಕರ ಬಸ್ಸು ನಿಲ್ಲಿಸಿದ್ದು ಅದೇ ಮೊದಲು.

ಸಬ್ ಇನ್ಸ್‌ಪೆಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮುಖದಲ್ಲಿ ನಗುವಿನ ಸುಳಿವೇ ಇಲ್ಲ. ಒಬ್ಬ ಹೆಡ್ ಕಾನ್‌ಸ್ಟೇಬಲ್ ಕೋವಿಯ ಬಾಯನ್ನು ಗೋಡೆಯ ಕಡೆ ತಿರುಗಿಸಿ ನಡುವಿನ ಕೀಲಿನಲ್ಲಿ ಬಗ್ಗಿಸಿ ತೆರೆಯಲು ನೋಡಿದರು. ನಾನು ಭಕ್ತಿಯಿಂದ ಬಳಿದಿದ್ದ ಗಂಧ ಒಣಗಿ, ಅದು ಜಗ್ಗಲಿಲ್ಲ. "ಹಿತ್ಲಲ್ಲಿ ಮರಳು ಮೂಟೆ ಐತೆ ಮೇಡಂ, ಅಲ್ಲಿ ಬಿಚ್ಚಿ ನೋಡ್ತೀನಿ," ಎಂದು ಎತ್ತಿಕೊಂಡು ಹೋದರು.

"ಖಾಲಿ ಐತೆ ಸಾರ್!" ಎಂದು ಹಿಂದಿನಿಂದ ಗಟ್ಟಿಯಾಗಿ ಹೇಳಿದೆ.

ಮೇಡಂ ಲೈಸೆನ್ಸ್ ಕೇಳಿದರು. ಗತ್ತಿನಿಂದ ಕೊಟ್ಟೆ. ನಾಲ್ಕು ಮೂಲೆಗೆ ಅರಿಶಿನ. ಒಳಗೆ, ಕೋವಿಯ ನಂಬರು ಇರುವ ಜಾಗದಲ್ಲೇ ಕಾಸಗಲ ಕುಂಕುಮ, ಅದರ ಮೇಲೆ ದೀಪದ ಎಣ್ಣೆ.

"ಇದೇನು, ಲೈಸೆನ್ಸಾ ಲಗ್ನಪತ್ರಿಕೆಯಾ?"

ನಾನು ಬೆರಳಿನಿಂದ ಕುಂಕುಮ ಒರೆಸಲು ಹೋದೆ, ನಂಬರು ಇನ್ನಷ್ಟು ಕೆಂಪಾಯಿತು. ಮೇಡಂ ಪುಸ್ತಕವನ್ನು ತಮ್ಮ ಕಡೆ ಎಳೆದುಕೊಂಡರು.

"ಯಾವುದಕ್ಕೆ ಕೊಟ್ಟಿರೋ ಲೈಸೆನ್ಸ್ ಇದು?"

"ಬೆಳೆ ರಕ್ಷಣೆಗೆ ಮೇಡಂ."

"ಬಸ್ ಟಿಕೆಟ್ ದೊಡ್ಡಮಳೂರಿಗಿದೆ. ಅಲ್ಲಿ ಎಷ್ಟು ಎಕರೆ ಇದೆ ನಿಮ್ಮದು?"

"ಎಕರೆ ಇಲ್ಲ ಮೇಡಂ. ಭಾಮೈದ ಅವ್ನೆ."

"ಅವರನ್ನ ಹಂದಿ ತಿಂತಾ ಇದ್ದಾವಾ?"

ನಾನು ಕಜ್ಜಾಯದ ಚೀಲವನ್ನು ಮೇಜಿನ ಮೇಲಿಟ್ಟು ಸತ್ಯವನ್ನೆಲ್ಲ ಹೇಳಿದೆ. ಅವರು ಚೀಲವನ್ನು ಪೆನ್ನಿನಿಂದ ಹಿಂದಕ್ಕೆ ತಳ್ಳಿದರು. ಆಫೀಸಿಗೆ ತೋರಿಸಲು ಒಯ್ಯುವ ಕೋವಿ ಮನೆಯಿಂದ ಆಫೀಸಿಗೆ, ಆಫೀಸಿನಿಂದ ಮನೆಗೆ ಹೋಗಬೇಕೇ ಹೊರತು ನೆಂಟರಿಷ್ಟರ ಮನೆ ಸುತ್ತುವಂತಿಲ್ಲ, ಬಸ್ಸಿನವರಿಗೆ ಸುಳ್ಳು ಹೇಳಿ ಬಚ್ಚಿಟ್ಟುಕೊಂಡು ತರುವಂತೆಯೂ ಇಲ್ಲ ಎಂದು ಒಂದೊಂದಾಗಿ ತಿಳಿಸಿದರು. ನಾನು ತಲೆ ಆಡಿಸುತ್ತಾ, ಮನಸ್ಸಿನಲ್ಲಿ ದಂಡ ಕಟ್ಟಿ ಹೋದರಾಯಿತು ಅಂದುಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಹೆಡ್ ಕಾನ್‌ಸ್ಟೇಬಲ್ ಬಂದರು. ಅಂಗೈ ಬಿಚ್ಚಿ ತೋರಿಸಿದರು. ಅಂಗೈ ಮೇಲೆ ಒಂದು ಕೆಂಪು ತೋಟಾ.

ನನಗೆ ನೆನಪಾಯಿತು. ಪೂಜೆಯ ದಿನ ಕೋವಿಯನ್ನು ಬರಿದಾಗಿ ಇಡಬಾರದು ಎಂದು ನಾನೇ ಹಾಕಿದ್ದೆ! ಸೇರಿಗೆ ರಾಗಿ ಹಾಕಿದ ಕೈಯಲ್ಲೇ ಹಾಕಿದ್ದೆ. ಸಂಜೆ ಸೇರಿನ ರಾಗಿಯನ್ನು ಮರೆಯದೆ ಕಾಳು ತುಂಬುವ ವಾಡೆಗೆ ಸುರಿದಿದ್ದೆ. ಕೋವಿಯನ್ನು ಹಾಗೇ ಬೀರುವಿಗೆ ಸೇರಿಸಿದ್ದೆ.

ಕಣ್ಣ ಮುಂದೆ ಬಂದದ್ದು ಲೈಸೆನ್ಸಲ್ಲ, ಆ ಅಜ್ಜಿಯ ಗದ್ದ. ಅವರು ಮುಗಿದ ಕೈ. ಆ ಹಂಪ್ಸ್ ಇನ್ನೊಂದು ಇಂಚು ಎತ್ತರವಿದ್ದಿದ್ದರೆ! ಠಾಣೆಯ ಬೆಂಚಿನ ಮೇಲೆ ಕೂತು ನಾನು ಅತ್ತೆ. ಹೇಳಲು ನಾಚಿಕೆಯೇನಿಲ್ಲ, ಬಿಕ್ಕಿ ಬಿಕ್ಕಿ ಅತ್ತೆ. ಮೇಡಂ ಒಂದು ಲೋಟ ನೀರು ಕೊಡಿಸಿದರು. ಬಯ್ಯಲಿಲ್ಲ. ಬಯ್ದಿದ್ದರೇ ವಾಸಿಯಿತ್ತು.

ಠಾಣೆಯಿಂದ ಮನೆಗೆ ಫೋನು ಹೋಗಿ, ಮಧ್ಯಾಹ್ನದ ಹೊತ್ತಿಗೆ ಜಯಮ್ಮ ಲೈಸೆನ್ಸಿನ ಜೆರಾಕ್ಸ್ ಹಿಡಿದು ಬಂದಳು. ರೇಷ್ಮೆ ಸೀರೆಯ ಮಡಿಕೆಯಲ್ಲಿ ಇಟ್ಟಿದ್ದಳಂತೆ. ಕುಂಕುಮವಿಲ್ಲದ ಅಪ್ಪಟ ನಂಬರು! ಕೋವಿಯ ಗಂಧ ಒರೆಸಿ ತಾಳೆ ನೋಡಿದರು, ಸರಿಹೋಯಿತು.

"ನಿಮ್ಮ ಯಜಮಾನ್ರು ಹೇಗೆ ಮನೆಯಲ್ಲಿ?" ಎಂದು ಮೇಡಂ ಕೇಳಿದರು.

"ಕೆಟ್ಟೋರಲ್ಲ ಕಣವ್ವ," ಅಂದಳು ಜಯಮ್ಮ. "ಆದ್ರೆ ಬೀಗದ ಕೈ ಕೊಡಂಗಿಲ್ಲ. ಹಬ್ಬ ಅಂತ ಒಂದಿನ ಕೊಟ್ಟೆ, ತಪ್ಪು ನಂದೇಯ."

ಕೋವಿ ಠಾಣೆಯಲ್ಲೇ ಉಳಿಯಿತು. ನನ್ನ ಮೇಲೆ ಕೇಸಾಯಿತು, ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿದೆ. ಲೈಸೆನ್ಸ್ ರದ್ದಾಯಿತು. ಆ ವರ್ಷದ ಕಡ್ಲೆಕಾಯಿ ಅಷ್ಟನ್ನೂ ಹಂದಿಗಳೇ ತಿಂದವು.

ಮುಂದಿನ ವರ್ಷ ಜಯಮ್ಮ ತನ್ನ ಹೆಸರಿನಲ್ಲಿ ಅರ್ಜಿ ಹಾಕಿದಳು. ಕೋವಿ ಹಿಡಿಯುವ ತರಬೇತಿಗೆ ಹೋಗಿ, ಪ್ರಮಾಣಪತ್ರ ತಂದು, ವಿಚಾರಣೆಗೆ ಬಂದವರಿಗೆ ಬೀರು, ಟ್ರಂಕು, ಸೊಂಟದ ಬೀಗದ ಕೈ ಎಲ್ಲ ತೋರಿಸಿ, ಕೊನೆಗೂ ಲೈಸೆನ್ಸ್ ಪಡೆದಳು. ಅರ್ಜಿಯಲ್ಲಿ 'ಮನೆಯಲ್ಲಿ ಆಯುಧಕ್ಕೆ ಅಪಾಯ ಯಾರಿಂದ?' ಎಂಬ ಕಾಲಂ ಇರಲಿಲ್ಲ. ಇದ್ದಿದ್ದರೆ ನನ್ನ ಹೆಸರು ಬರೆಯುತ್ತಿದ್ದಳು.

ಈಗ ಹೊಲಕ್ಕೆ ಹಂದಿ ಬಂದರೆ ಅವಳು ತನ್ನ ಹೊಸ ಕೋವಿ ಹಿಡಿದು ಮುಂದೆ ನಡೆಯುತ್ತಾಳೆ. ನಾನು ಹಳೆಯ ಹಿತ್ತಾಳೆ ತಟ್ಟೆ ಬಡಿಯುತ್ತಾ ಹಿಂದೆ ಹೋಗುತ್ತೇನೆ. ತಟ್ಟೆಗೆ ಲೈಸೆನ್ಸ್ ಬೇಕಾಗಿಲ್ಲ. ಆದರೂ ಮೊದಲ ದಿನವೇ ಠಾಣೆಗೆ ಹೋಗಿ ಒಂದು ಮಾತು ಕೇಳಿಕೊಂಡು ಬಂದೆ.