ಹಕೀಂ ಸಾಹೇಬರ ತೂಕದ ಮಾತು

"ಈ ಸಲ ಜಸೀಲಾಳ ಸಂಬಂಧವನ್ನು ನಾನೇ ಮಾತಾಡಿ ಕುದುರಿಸ್ತೇನೆ! ಬೇರೆ ಯಾರೂ ನಡುವೆ ಬಾಯಿ ಹಾಕಬಾರದು!"

ಫರಂಗಿಪೇಟೆಯ ಚಪ್ಪಲಿ ಅಂಗಡಿಯ ಅಬ್ದುಲ್ ಹಕೀಂ ಸಾಹೇಬರು ಬೆಳಗ್ಗಿನ ಗಂಜಿ ಉಂಡು ಕೈ ತೊಳೆಯುತ್ತ ಹೀಗೆ ಘೋಷಿಸಿದಾಗ ಹೆಂಡತಿ ಜೈನಬಮ್ಮನ ಕೈಯ ಸೌಟು ಜಾರಿ ಪಾತ್ರೆಗೆ ಬಿತ್ತು.

"ಅಲ್ಲಾ! ನೀವು ಮಾತಾಡುವುದಾ?"

"ಮತ್ತೆ ಯಾರು? ನಿನ್ನ ತಮ್ಮ ದುಬೈಯಿಂದ ಬಂದು ಮಾತಾಡ್ತಾನಾ?"

"ಮಗಳಿಗೆ ಬಂದ ಆ ಎರಡು ಸಂಬಂಧ ತಪ್ಪಿಹೋದದ್ದು ಯಾಕೆ ಅಂತ ನೆನಪುಂಟಲ್ಲ?"

ನೆನಪಿಲ್ಲದೆ ಏನು! ಮೊದಲನೆಯದು ಕಕ್ಕಿಂಜೆಯದು. ಹುಡುಗ ಬಂದು ಚಪ್ಪಲಿ ಕಳಚಿ ಒಳಗೆ ಕಾಲಿಟ್ಟದ್ದೇ ತಡ, ಹಕೀಂ ಸಾಹೇಬರು ಅವನ ಹೆಜ್ಜೆ ನೋಡಿ, "ಚಪ್ಪಟೆ ಪಾದ! ನಲ್ವತ್ತು ದಾಟಿದ ಮೇಲೆ ಬೆನ್ನು ನೋವು ಗ್ಯಾರಂಟಿ!" ಎಂದು ಎಲ್ಲರೆದುರು ತೀರ್ಪು ಕೊಟ್ಟಿದ್ದರು. ಎರಡನೆಯದು ಬೆಳ್ತಂಗಡಿಯ ಮನೆತನ. ಅವರ ಹೊಸ ಮನೆಯ ಮೆಟ್ಟಿಲು ಎಲ್ಲಿ ಇರಬೇಕಿತ್ತು, ಎಲ್ಲಿ ಇರಬಾರದಿತ್ತು ಎಂದು ಊಟದ ಆರಂಭದಿಂದ ಪಾಯಸದವರೆಗೆ ವಿವರಿಸಿದ್ದರು. ಅವರು ಮೆಟ್ಟಿಲು ಬದಲಿಸಲಿಲ್ಲ, ಬೀಗರನ್ನು ಬದಲಿಸಿದರು!

ಮಾತಿನಲ್ಲಿ ಸಾಹೇಬರನ್ನು ಮೀರಿಸುವವರು ನೇತ್ರಾವತಿಯ ಈಚೆ ದಡದಲ್ಲಿ ಇರಲಿಲ್ಲ. ಹವಾಯಿ ಚಪ್ಪಲಿಯ ಬಾರು ಕೇಳಿಕೊಂಡು ಬಂದವನು ಅವರ ಮಾತಿಗೆ ಮರುಳಾಗಿ, ಇನ್ನೂ ನಡೆಯಲು ಕಲಿಯದ ಮಗುವಿಗೆ ಶಾಲೆಯ ಬೂಟು ಕೊಂಡು ಹೋದ ಉದಾಹರಣೆ ಉಂಟು. ಇಂಥ ಬಾಯಿಗೆ ಎರಡು ಸಂಬಂಧ ತಪ್ಪಿತೆಂದರೆ ಅದು ಬಾಯಿಯ ದೋಷವಲ್ಲ, ಕೇಳಿದ ಕಿವಿಗಳ ದೋಷ ಎಂಬುದು ಅವರ ದೃಢ ನಂಬಿಕೆಯಾಗಿತ್ತು.

ಮೂರನೆಯ ಸಂಬಂಧ ಮೂಡಬಿದ್ರೆಯ ನಿಝಾಮುದ್ದೀನ್ ಹಾಜಿಯವರ ಮಗನದು. ಹುಡುಗ ಒಳ್ಳೆಯವನು, ಮನೆತನ ಒಳ್ಳೆಯದು. ಹುಡುಗನ ಸೋದರತ್ತೆ ಬಂದು ಜಸೀಲಾಳನ್ನು ನೋಡಿ ಮೆಚ್ಚಿಕೊಂಡೂ ಹೋಗಿದ್ದರು. ಆ ದಿನ ಜೈನಬಮ್ಮ ಗಂಡನನ್ನು ಉಪಾಯವಾಗಿ ಮಂಗಳೂರಿಗೆ ಮಾಲು ತರಲು ಅಟ್ಟಿದ್ದಳು. ಇನ್ನು ಹಿರಿಯರ ಮಾತುಕತೆ ಬಾಕಿ. ಆದರೆ ಹಾಜಿಯವರು ಮಸೀದಿಯ ಕೊಳದ ಮೆಟ್ಟಿಲಲ್ಲಿ ಜಾರಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದರು. ಹೀಗಾಗಿ ಮಾತೆಲ್ಲ ಫೋನಿನಲ್ಲೇ ಎಂದಾಯಿತು.

ಫೋನೆಂದರೆ ಎಂಥ ಫೋನು! ಜೈನಬಮ್ಮನ ತಮ್ಮ ಶಾಫಿ ದುಬೈಯಿಂದ ಕಳಿಸಿದ ಸ್ಮಾರ್ಟ್‌ಫೋನು. ಗುಂಡಿಗಳೇ ಇಲ್ಲ! ಬೆರಳು ಸವರಿದರೆ ಸಾಕು, ಚಿತ್ರ ಸರಿಯುತ್ತದೆ, ಅಕ್ಷರ ಹಿಗ್ಗುತ್ತದೆ. ಮೊದಲ ದಿನ ಹಕೀಂ ಸಾಹೇಬರು ಅದನ್ನು ಅಂಗೈಯಲ್ಲಿಟ್ಟುಕೊಂಡು ಮಾತೇ ಬಾರದೆ ಕೂತಿದ್ದರು. ಅವರಿಗೆ ಮಾತು ಬಾರದ್ದು ಅದೇ ಮೊದಲು. "ಗಾಜಿನ ಒಳಗೆ ಜಿನ್ನ್ ಕೂತಿದ್ದಾನೆ ಮಾರಾಯ್ತಿ!" ಎಂದು ಕೊನೆಗೆ ಪಿಸುಗುಟ್ಟಿದರು.

ಗಲ್ಫಿನಿಂದ ಬಂದ ವಸ್ತುವಿಗೆ ಆ ಮನೆಯಲ್ಲಿ ಒಂದು ಮರ್ಯಾದೆ ಇತ್ತು. ಅದರ ಪ್ಲಾಸ್ಟಿಕ್ ತೆಗೆಯುವ ಹಾಗಿಲ್ಲ! ಟೀವಿ ರಿಮೋಟು ಪ್ಲಾಸ್ಟಿಕ್ಕಿನೊಳಗೆ, ಗೋಡೆ ಗಡಿಯಾರ ಪ್ಲಾಸ್ಟಿಕ್ಕಿನೊಳಗೆ. ಸೋಫಾದ ಪ್ಲಾಸ್ಟಿಕ್ ಮೇಲೆ ಕೂತ ನೆಂಟರು ಸೆಖೆಗೆ ಅಂಟಿಕೊಂಡು, ಏಳುವಾಗ ಪರ್‍ರೆಂದು ಸದ್ದಾಗಿ ನಾಚಿಕೊಳ್ಳುತ್ತಿದ್ದರು. ಪ್ಲಾಸ್ಟಿಕ್ ಇರುವವರೆಗೆ ವಸ್ತು ಹೊಸತು, ವಸ್ತು ಹೊಸತಿರುವವರೆಗೆ ಯಜಮಾನನಿಗೆ ಗೌರವ. ಫೋನಿನ ಮುಖಕ್ಕೆ ಅಂಟಿಸಿದ್ದ ತೆಳು ಹಾಳೆ ಎರಡೇ ದಿನದಲ್ಲಿ ಕೆಳಗಿನ ಅಂಚಿನಲ್ಲಿ ಏಳತೊಡಗಿದಾಗ ಸಾಹೇಬರು ಕಂಗಾಲಾದರು. ಬೂಟಿನ ಪೆಟ್ಟಿಗೆಗೆ ಸುತ್ತುವ ಅಗಲದ ಸೆಲ್ಲೋಟೇಪನ್ನು ತಂದು, ಆ ಅಂಚಿಗೆ ಒಂದಲ್ಲ, ಎರಡು ಪದರ ಬಿಗಿದರು. ಅಲ್ಲಿದ್ದ ಸಾಸಿವೆಯಷ್ಟು ತೂತು ಅವರ ಕಣ್ಣಿಗೆ ಬೀಳಲಿಲ್ಲ.

ಶುಕ್ರವಾರ ನಮಾಜು ಮುಗಿದ ಮೇಲೆ ಹಾಜಿಯವರ ಫೋನ್ ಬಂತು. ಸಾಹೇಬರು ಟೊಪ್ಪಿ ಸರಿಮಾಡಿಕೊಂಡು, ಗಂಟಲು ಕೆರೆದುಕೊಂಡು ಸುರುಮಾಡಿದರು. ಮೊದಲು ತಮ್ಮ ವಂಶದ ಚರಿತ್ರೆ, ಆಮೇಲೆ ಚರ್ಮದ ಚಪ್ಪಲಿಯ ಚರಿತ್ರೆ, ನಡುವೆ ಕಾಲಿನ ಮೂಳೆ ಕೂಡಿಸುವ ವಿಧಾನ! ಉಸಿರು ತೆಗೆಯಲು ನಿಂತಾಗ ಮಾತ್ರ ಆಚೆಯ ಧ್ವನಿ ತುಂಡುತುಂಡಾಗಿ ಕಿವಿಗೆ ಬೀಳುತ್ತಿತ್ತು.

"...ನಮ್ಮ ಮನೆಯವಳು ಟೀಚರ್ ಆಗಿದ್ದಳು, ತೀರಿಹೋದಳು. ಹುಡುಗಿ ಮದುವೆಯ ಮೇಲೆ ಬಿ.ಎಡ್. ಓದಿದರೆ ನಿಮಗೆ ಅಡ್ಡಿ ಇಲ್ಲವಲ್ಲ?"

"ಏನು ಹೇಳುವುದು ನೀವು!" ಸಾಹೇಬರು ಗುಡುಗಿದರು. "ನಮ್ಮ ಮನೆಯ ಹೆಣ್ಣುಮಕ್ಕಳು ಸೌಟು ಹಿಡಿಯುವವರು, ಚಾಕ್‌ಪೀಸ್ ಹಿಡಿಯುವವರಲ್ಲ! ಬಿ.ಎಡ್. ಬೇಡವೇ ಬೇಡ!"

ಅಡುಗೆಮನೆಯಲ್ಲಿ ಜಸೀಲಾ ಕಣ್ಣು ಮುಚ್ಚಿಕೊಂಡಳು. ಟೀಚರ್ ಆಗಬೇಕೆಂಬುದು ಅವಳು ಉಮ್ಮನಿಗೆ ಮಾತ್ರ ಹೇಳಿದ್ದ ಆಸೆ. ಮೂರನೆಯ ಸಂಬಂಧವೂ ಹೋಯಿತು, ಬಿ.ಎಡ್. ಕೂಡ ಹೋಯಿತು ಎಂದು ಅವಳಿಗೆ ಅಳುವೇ ಬಂತು.

ಆದರೆ ಆಚೆಯಿಂದ ಹಾಜಿಯವರ ಧ್ವನಿ ತುಂಬಿ ಬಂದಿತ್ತು. "ಸಂತೋಷ, ಸಾಹೇಬರೇ, ಬಹಳ ಸಂತೋಷ! ನಿಮ್ಮಂಥ ಮನುಷ್ಯರನ್ನು ನಾನು ನೋಡಿಯೇ ಇಲ್ಲ. ಮುಂದಿನ ಶುಕ್ರವಾರ ನಿಕಾಹಿನ ದಿನ ಗೊತ್ತುಮಾಡುವ."

ಸಾಹೇಬರು ಫೋನಿಟ್ಟು ಮೀಸೆಯಿಲ್ಲದ ತುಟಿಯ ಮೇಲೆ ಬೆರಳಾಡಿಸಿದರು. "ಕಂಡಿಯಾ? ಬಿ.ಎಡ್. ಬೇಡ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿದೆ, ಬಹಳ ಸಂತೋಷ ಅಂದರು! ಮಾತು ಅಂದರೆ ಹೀಗಿರಬೇಕು!"

ಜೈನಬಮ್ಮ ದಂಗಾಗಿ ನಿಂತಳು. ಇಷ್ಟು ಮಾತಾಡಿದ ಮೇಲೂ ಸಂಬಂಧ ಉಳಿಯಿತೆಂದರೆ ಇದು ಪವಾಡವೇ ಸರಿ!

ಪವಾಡದ ಬಣ್ಣ ಬಯಲಾದದ್ದು ಸೋಮವಾರ. ಅಂಗಡಿಯೆದುರು ಒಂದು ಟೆಂಪೋ ನಿಂತು ಮೂಟೆ ಮೂಟೆ ಮಳೆಗಾಲದ ಗಂಬೂಟು ಇಳಿಸಿತು. ಮಾರ್ಚ್ ತಿಂಗಳ ಉರಿಬಿಸಿಲು! ಸಾಹೇಬರು ಅಂಗಡಿಯ ಲ್ಯಾಂಡ್‌ಲೈನಿನಿಂದ ಮಂಗಳೂರಿನ ಹೋಲ್‌ಸೇಲಿನವನಿಗೆ ಫೋನ್ ಮಾಡಿ ಹಾರಾಡಿದರು.

"ಬೇಡ ಬೇಡ ಅಂತ ಮೊನ್ನೆ ಮೊಬೈಲಿನಲ್ಲಿ ಬೊಬ್ಬೆ ಹೊಡೆದದ್ದು ಕೇಳಲಿಲ್ಲವಾ ನಿಮಗೆ?"

"ನೀವು ಎಲ್ಲಿ ಬೊಬ್ಬೆ ಹೊಡೆದದ್ದು ಸಾಹೇಬ್ರೇ? ಹಳೆ ಸ್ಟಾಕ್ ಕಳಿಸಲಾ ಅಂತ ಕೇಳಿದೆ. ನೀವು ಗಂಭೀರವಾಗಿ 'ಹ್ಮ್' ಅಂದಿರಿ. ಎಲ್ಲವನ್ನೂ ಕಳಿಸಲಾ ಅಂದೆ. ಮತ್ತೆ 'ಹ್ಮ್' ಅಂದಿರಿ!"

ಸಾಹೇಬರು ಗಂಬೂಟಿನ ಮೂಟೆಯ ಮೇಲೆಯೇ ಕುಸಿದು ಕೂತರು. ತಮ್ಮ ಮಾತು ಆಚೆಗೆ ಹೋಗುವಾಗ ಬರೀ 'ಹ್ಮ್' ಆಗುತ್ತದೆಯೇ?

ಪೇಟೆಯಿಡೀ ಚಿಕಿತ್ಸೆಗೆ ನಿಂತಿತು. ಬ್ಯಾಟರಿ ತೆಗೆದು ಬಿಸಿಲಿಗಿಡಿ ಎಂದನೊಬ್ಬ. ಸಿಮ್ಮನ್ನು ಬನಿಯನ್ನಿಗೆ ಉಜ್ಜಿ ಎಂದನಿನ್ನೊಬ್ಬ. ಒಂದು ಹಗಲಿಡೀ ಫೋನು ಕುಚ್ಚಲಕ್ಕಿಯ ಡಬ್ಬದಲ್ಲಿ ಸಮಾಧಿಯಾಗಿ ಮೈತುಂಬ ತೌಡು ಬಳಿದುಕೊಂಡು ಎದ್ದು ಬಂತು. ಎಲ್ಲ ಮುಗಿದ ಮೇಲೆ ಸಾಹೇಬರು ಪರೀಕ್ಷೆಗೆ ಹೊರಟರು. ಹೆಂಡತಿಯನ್ನು ಮನೆಯ ಲ್ಯಾಂಡ್‌ಲೈನಿನ ಬಳಿ ಕೂರಿಸಿ, ತಾವು ಅಂಗಳಕ್ಕಿಳಿದು ಮೊಬೈಲಿನಿಂದ ಫೋನ್ ಮಾಡಿದರು.

"ಹಲೋ! ಕೇಳ್ತದಾ?"

"ಕೇಳ್ತದೆ!"

"ಸರಿಯಾಗಿ ಕೇಳ್ತದಾ?"

"ಫೋನ್ ಇಟ್ಟ ಕಿವಿಗಿಂತ ಇಡದ ಕಿವಿಗೆ ಚಂದ ಕೇಳ್ತದೆ!"

ಅಂಗಳ ಹತ್ತಿರವಾಯಿತೆಂದು ಹೆದ್ದಾರಿ ದಾಟಿ ಹುಕ್ರಪ್ಪನ ಸೋಡಾ ಅಂಗಡಿಯ ಎದುರು ನಿಂತು ಕೂಗಿದರು. ಜೈನಬಮ್ಮ ಕಿಟಕಿಯಿಂದ ಕೈ ಬೀಸಿದಳು. ಲಾರಿಗಳ ಹಾರ್ನನ್ನೂ ಸೀಳಿಕೊಂಡು ಹೋಗಿತ್ತು ಸ್ವರ!

"ಸಾಹೇಬ್ರೇ, ನಿಮಗೆ ಫೋನ್ ಎಂತಕ್ಕೆ ಮಾರಾಯ್ರೆ?" ಹುಕ್ರಪ್ಪ ನಿಜವಾದ ಬೆರಗಿನಿಂದ ಕೇಳಿದ. "ಮನೆಯ ಮಾಡು ಹತ್ತಿ ನಿಂತರೆ ಬಂಟ್ವಾಳದವರೆಗೆ ಫ್ರೀಯಾಗಿ ಮಾತಾಡಬಹುದು."

ಕೊನೆಗೆ ಬಸ್ಸು ಹತ್ತಿ ಬಿ.ಸಿ.ರೋಡಿಗೆ ಹೋಗಿ ಅಲ್ಲಿಂದ ಫೋನ್ ಮಾಡಿದರು. ತಿರುಗಿ ಬಂದಾಗ ಜೈನಬಮ್ಮ ವಿಚಿತ್ರವಾದ ಭಕ್ತಿಯಿಂದ ಅವರನ್ನೇ ನೋಡುತ್ತಿದ್ದಳು.

"ಎಂತ ಕೇಳಿತು?"

"'ಹ್ಮ್' ಅಂತ. ಎಷ್ಟು ಗಂಭೀರ! ಇಷ್ಟು ವರ್ಷದಲ್ಲಿ ಮೊದಲ ಸಲ ನೀವು ನಾನು ಹೇಳಿದ್ದಕ್ಕೆಲ್ಲ ಒಪ್ಪಿದಿರಿ. ನನಗೆ ಫೋನ್ ಇಡಲಿಕ್ಕೇ ಮನಸ್ಸು ಬರಲಿಲ್ಲ."

ಮರುದಿನ ಶಾಫಿಯೇ ದುಬೈಯಿಂದ ಮೊಬೈಲಿಗೆ ಫೋನ್ ಮಾಡಿದ. ಅಕ್ಕ ಲ್ಯಾಂಡ್‌ಲೈನಿನಲ್ಲಿ ವಿಷಯ ತಿಳಿಸಿದ್ದಳು.

"ಭಾವ, ಮೈಕಿನ ತೂತು ಕೆಳಗಿನ ಅಂಚಿನಲ್ಲಿ ಉಂಟು. ಅಲ್ಲಿ ಏನಾದರೂ ಮುಚ್ಚಿದರೆ ಸ್ವರ ಹೋಗುವುದಿಲ್ಲ. ಮುಖದ ಪ್ಲಾಸ್ಟಿಕ್ ತೆಗೆದಿದ್ದೀರಲ್ಲ?"

"ಹುಚ್ಚಾ ನಿನಗೆ? ಹೊಸ ಫೋನಿನ ಪ್ಲಾಸ್ಟಿಕ್ ಯಾರಾದರೂ ತೆಗೀತಾರಾ?" ಸಾಹೇಬರು ಅಬ್ಬರಿಸಿದರು.

ಶಾಫಿಗೆ ಕೇಳಿಸಿದ್ದು 'ಹ್ಮ್'. "ಓ, ತೆಗೆದಾಗಿದೆಯಾ? ಹಾಗಾದರೆ ಪ್ಲಾಸ್ಟಿಕ್ಕಿನ ತೊಂದರೆ ಅಲ್ಲ. ನಾನು ಬರುವಾಗ ನೋಡುವ" ಎಂದು ಇಟ್ಟುಬಿಟ್ಟ.

ಸಾಹೇಬರು ಫೋನನ್ನು ತಿರುವಿ ನೋಡಿದರು. ತಮ್ಮ ಕೈಯಾರೆ ಬಿಗಿದ ಸೆಲ್ಲೋಟೇಪು ಮಿರಮಿರ ಮಿನುಗುತ್ತಿತ್ತು. ಅದರಡಿಯಲ್ಲಿ ಸಾಸಿವೆಯಷ್ಟು ತೂತು! ಅಷ್ಟು ಸಣ್ಣ ತೂತಿನಿಂದಲೇ ತಮ್ಮ ಅಷ್ಟು ದೊಡ್ಡ ಮಾತುಗಳು ದಾಟಬೇಕಿತ್ತೇ ಎಂದು ಅವರು ವಿಸ್ಮಯಪಟ್ಟರು. ಮರುಕ್ಷಣ ಬೇರೊಂದು ಹೊಳೆಯಿತು. ಹಾಗಾದರೆ ಹಾಜಿಯವರಿಗೆ ವಂಶದ ಚರಿತ್ರೆ ಕೇಳಿಸಿಲ್ಲ! ಚಪ್ಪಲಿಯ ಚರಿತ್ರೆ ಕೇಳಿಸಿಲ್ಲ!

"ಎಲ್ಲವನ್ನೂ ಮೊದಲಿನಿಂದ ಹೇಳ್ತೇನೆ!"

"ಬೇಡ!" ತಾಯಿ, ಮಗಳು ಒಟ್ಟಿಗೇ ಕೂಗಿದರು.

"ಉಪ್ಪ, ಆ ಟೇಪ್ ಹಾಗೆಯೇ ಇರಲಿ," ಜಸೀಲಾ ಬೇಡಿಕೊಂಡಳು. "ತೆಗೆದರೆ ಫೋನ್ ಹಳತಾಗ್ತದೆ."

"ನಿಮ್ಮ ಕಾಲಿಗೆ ಬೀಳ್ತೇನೆ, ಇದೊಂದು ಮದುವೆ ಆಗಲಿ," ಎಂದಳು ಜೈನಬಮ್ಮ. "ಆಮೇಲೆ ಬೇಕಾದರೆ ಮಸೀದಿಯ ಮೈಕನ್ನೇ ತಂದುಕೊಡ್ತೇನೆ."

ಹಕೀಂ ಸಾಹೇಬರು ಕೇಳಬೇಕಲ್ಲ! ಶುಕ್ರವಾರ ನಮಾಜಿನಿಂದ ಬಂದವರೇ ಬಿಸ್ಮಿಲ್ಲಾ ಹೇಳಿ, ಗಾಯದ ಪಟ್ಟಿ ಬಿಚ್ಚುವ ಹಾಗೆ ಹಲ್ಲು ಕಚ್ಚಿ ಪ್ಲಾಸ್ಟಿಕ್ಕನ್ನು ಸೆಲ್ಲೋಟೇಪಿನ ಸಮೇತ ಎಳೆದು ತೆಗೆದರು. ಫೋನು ಬೆತ್ತಲಾಗಿ ಹೊಳೆಯಿತು. ಅಷ್ಟರಲ್ಲಿ ಅದು ರಿಂಗಾಯಿತು. ತಮ್ಮ ವಾಗ್ವೈಭವವನ್ನು ಹೆಂಡತಿಯೂ ಕೇಳಲೆಂದು ಸಾಹೇಬರು ಲೌಡ್‌ಸ್ಪೀಕರ್ ಒತ್ತಿದರು.

"ಅಸ್ಸಲಾಮು ಅಲೈಕುಂ ಹಾಜಿಯವರೇ! ಹೇಗುಂಟು ಕಾಲು? ಎಣ್ಣೆ ಹಚ್ಚಿದಿರಾ? ಮೂಳೆ ಕೂಡಬೇಕಾದರೆ ಮೊದಲು ಪಾದದ ಅಳತೆ ನೋಡಬೇಕು. ನಮ್ಮ ಅಜ್ಜನ ಕಾಲದಲ್ಲಿ ಏನಾಯಿತು ಅಂದರೆ..."

"ಹಲೋ! ಹಲೋ! ಯಾರು ಮಾತಾಡುವುದು?"

"ನಾನು ಹಾಜಿಯವರೇ, ಹಕೀಂ!"

"ತಮಾಷೆ ಬೇಡ. ಹಕೀಂ ಸಾಹೇಬರ ಸ್ವರ ನನಗೆ ಗೊತ್ತುಂಟು. ಫೋನ್ ಅವರಿಗೆ ಕೊಡಿ."

ತಮ್ಮ ಮನೆಯಲ್ಲಿ, ತಮ್ಮ ಫೋನಿನಲ್ಲಿ, ಸಾಹೇಬರು ತಾವೇ ತಾವಲ್ಲವಾದರು!

"ಹಿರಿಯರು ಮಾತಾಡುವಲ್ಲಿ ನಡುವೆ ಬಾಯಿ ಹಾಕುವುದು ಸರಿಯಲ್ಲ," ಹಾಜಿಯವರು ಮುಂದುವರಿಸಿದರು. "ಅವರು ಎಂಥ ಮನುಷ್ಯ ಗೊತ್ತುಂಟಾ ನಿಮಗೆ? ಮನೆಯವಳು ತೀರಿಹೋದ ಮೇಲೆ ನನ್ನ ಮಾತನ್ನು ಕೂತು ಕೇಳಿದವರಿಲ್ಲ. ಕಳೆದ ಶುಕ್ರವಾರ ಮನಸ್ಸಿನಲ್ಲಿದ್ದದ್ದನ್ನೆಲ್ಲ ಅವರ ಹತ್ತಿರ ಹೇಳಿದೆ. ಎಲ್ಲ ಕೇಳಿಸಿಕೊಂಡರು. ಹುಡುಗಿ ಬಿ.ಎಡ್. ಓದಲಿ ಅಂದೆ, ಒಂದು 'ಹ್ಮ್' ಅಂದರು, ಅಷ್ಟೇ! ಎಂಥ ತೂಕ! ಆ ಮಾತಿನ ಮೇಲೆಯೇ ನಾನು ಇಲ್ಲಿಯ ಕಾಲೇಜಿನಲ್ಲಿ ಮಾತಾಡಿ ಆಗಿದೆ. ಅವರಿಗೆ ಫೋನ್ ಕೊಡಿ. ಅವರು ಅದನ್ನೇ ಇನ್ನೊಮ್ಮೆ ಹೇಳಿದರೆ ಮಾತ್ರ ದಿನ ಗೊತ್ತುಮಾಡುವ."

ಸಾಹೇಬರ ನಾಲಿಗೆಯ ತುದಿಯಲ್ಲಿ ಚಾಕ್‌ಪೀಸು, ಸೌಟು, ಅಜ್ಜ, ಎಣ್ಣೆ, ಎಲ್ಲವೂ ಬಂದು ಸಾಲುಗಟ್ಟಿ ನಿಂತವು. ಅವರು ತಲೆಯೆತ್ತಿ ನೋಡಿದರು. ಬಾಗಿಲಲ್ಲಿ ಜಸೀಲಾ ದುಪಟ್ಟಾದ ತುದಿ ಕಚ್ಚಿಕೊಂಡು ನಿಂತಿದ್ದಳು. ಅವಳ ಕಣ್ಣುಗಳಲ್ಲಿ ಇಷ್ಟೊಂದು ಆಸೆ ಇದ್ದುದನ್ನು ಅವರು ಈವರೆಗೆ ಕಂಡಿರಲಿಲ್ಲ. ಕಾಣಲು ಎಡೆಯಾದರೂ ಎಲ್ಲಿತ್ತು? ಯಾವಾಗಲೂ ತಾವೇ ಮಾತಾಡುತ್ತಿದ್ದರಲ್ಲ! ಸಾಲುಗಟ್ಟಿ ನಿಂತ ಮಾತುಗಳನ್ನೆಲ್ಲ ಒಂದೊಂದಾಗಿ ನುಂಗಿದರು. ಅಷ್ಟು ಕಷ್ಟದ ಕೆಲಸವನ್ನು ಅವರು ಜೀವಮಾನದಲ್ಲಿ ಮಾಡಿರಲಿಲ್ಲ.

"ಹ್ಮ್," ಎಂದರು.

"ಹಾ! ಬಂದಿರಾ ಹಕೀಂ ಸಾಹೇಬರೇ!" ಹಾಜಿಯವರ ಧ್ವನಿ ಅರಳಿತು. "ಹಾಗಾದರೆ ಹುಡುಗಿ ಓದಲಿ, ಅಲ್ಲವಾ?"

"ಹ್ಮ್."

"ಮಾಶಾ ಅಲ್ಲಾ! ಬರುವ ತಿಂಗಳ ಮೊದಲ ಗುರುವಾರ ನಿಕಾಹ್ ಇಟ್ಟುಕೊಳ್ಳುವ, ಆಗಬಹುದಲ್ಲ?"

"ಹ್ಮ್."

ಜೈನಬಮ್ಮ ಎರಡೂ ಕೈಯೆತ್ತಿ ದುವಾ ಮಾಡಿದಳು. ಜಸೀಲಾ ಅಳುತ್ತ ನಗುತ್ತ ಬಂದು ತಂದೆಯ ತೋಳು ಹಿಡಿದುಕೊಂಡಳು. ಸಾಹೇಬರಿಗೂ ಕಣ್ಣು ತುಂಬಿತು. ಮಾತಾಡದೆಯೂ ಇಷ್ಟು ಕೆಲಸವಾಗುತ್ತದೆ ಎಂಬ ಬೆರಗು ಅವರಿಗೆ!

"ಇನ್ನೊಂದು ವಿಷಯ, ಸಾಹೇಬರೇ," ಹಾಜಿಯವರು ಧ್ವನಿ ತಗ್ಗಿಸಿದರು. "ತಪ್ಪು ತಿಳೀಬೇಡಿ. ಮೊದಲು ಫೋನ್ ಎತ್ತಿದನಲ್ಲ, ಆ ಬಾಯಿಬಡುಕ, ಅವನು ಯಾರಂತ ನಾನು ಕೇಳುವುದಿಲ್ಲ. ಎಲ್ಲರ ಮನೆಯಲ್ಲೂ ಅಂಥವರು ಒಬ್ಬರಿರ್ತಾರೆ. ಆದರೆ ನಿಕಾಹಿನ ದಿನ ಅವನನ್ನು ಏನಾದರೂ ನೆಪ ಹೇಳಿ ಮಂಗಳೂರಿಗೆ ಕಳಿಸಿಬಿಡಿ. ಆಗಬಹುದಲ್ಲ?"

ಲೌಡ್‌ಸ್ಪೀಕರಿನಲ್ಲಿ ಮನೆಮಂದಿಯೆಲ್ಲ ಕೇಳಿಸಿಕೊಂಡರು. ಜೈನಬಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಹಕೀಂ ಸಾಹೇಬರು ಕಣ್ಣು ಮುಚ್ಚಿ, ತಮ್ಮಲ್ಲಿದ್ದ ಗಾಂಭೀರ್ಯವನ್ನೆಲ್ಲ ಒಟ್ಟುಗೂಡಿಸಿಕೊಂಡು ಹೇಳಿದರು:

"ಹ್ಮ್."