ನಮ್ಮನೆ ಸಮುದ್ರದಲ್ಲಿ ಮೀಸೆಪ್ಪ

ಕುರಿ ಸಾಕಿದವನಿಗೆ ಒಂದು ಸಿಗಡಿ ಸಾಕುವುದು ಯಾವ ಮಹಾ ಲೆಕ್ಕ ಎಂದು ನಾನು ಹೇಳಿದ್ದು ನಿಜ. ಅದಕ್ಕೆ ಇಬ್ಬರು ಸಾಕ್ಷಿಗಳಿದ್ದಾರೆ. ಒಬ್ಬಳು ನನ್ನ ಹೆಂಡತಿ ಹಾಲಮ್ಮ, ಇನ್ನೊಬ್ಬಳು ಪಕ್ಕದ ಮನೆಯ ಶಾಂತಕ್ಕ. ಇಬ್ಬರೂ ಮರೆಯುವ ಜಾಯಮಾನದವರಲ್ಲ!

ಈ ಕಥೆ ಶುರುವಾದದ್ದು ಕುರಿಗಳಿಂದಲೇ. ಶಿಕಾರಿಪುರದ ಅಂಚಿನಲ್ಲಿರುವ ನಮ್ಮ ಮನೆಯ ಹಿತ್ತಲಲ್ಲಿ ನಮ್ಮಪ್ಪನ ಕಾಲದಿಂದಲೂ ಕುರಿದೊಡ್ಡಿ ಇತ್ತು. ಊರಿನವರು ಅವನ್ನು ನನ್ನ ಕುರಿಗಳು ಅನ್ನುತ್ತಿದ್ದರು. ಕುರಿಗಳು ಮಾತ್ರ ಹಾಗೆ ಎಂದೂ ತಿಳಿದಿರಲಿಲ್ಲ. ತಾಯಿ ಇಲ್ಲದ ಮರಿಗಳಿಗೆ ಬಾಟಲಿಯಲ್ಲಿ ಹಾಲು ಕುಡಿಸಿದವಳು ಹಾಲಮ್ಮ, ಒಂದೊಂದಕ್ಕೂ ಹೆಸರಿಟ್ಟವಳು ಹಾಲಮ್ಮ. ಬೆಳಿಗ್ಗೆ ಅವಳು ಮುಷ್ಟಿಯಲ್ಲಿ ಉಪ್ಪು ಹಿಡಿದು ದೊಡ್ಡಿಗೆ ಹೋದರೆ ಇಡೀ ಹಿಂಡು ಕೈ ನೆಕ್ಕಲು ನುಗ್ಗುತ್ತಿತ್ತು. ಹೋದ ವರ್ಷ ಅವಳಿಗೆ ಉಬ್ಬಸ ಜೋರಾಯಿತು. ಕುರಿಯ ಕೂದಲು, ದೊಡ್ಡಿಯ ಧೂಳು ಎರಡೂ ಆಗಬಾರದು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಹಿಂಡನ್ನೆಲ್ಲ ಸೊರಬದ ಕಡೆ ಇರುವ ನನ್ನ ತಮ್ಮನ ಮನೆಗೆ ಸಾಗಿಸಿದೆವು.

ಆಮೇಲೂ ಹಾಲಮ್ಮ ಬೆಳಿಗ್ಗೆ ಎದ್ದವಳೇ ಡಬ್ಬಿಯಿಂದ ಒಂದು ಮುಷ್ಟಿ ಉಪ್ಪು ತೆಗೆದುಕೊಂಡು ಹಿತ್ತಲಿಗೆ ನಡೆಯುತ್ತಿದ್ದಳು. ಖಾಲಿ ದೊಡ್ಡಿಯ ಬಾಗಿಲಲ್ಲಿ ನಿಂತ ಮೇಲೆ ನೆನಪಾಗುತ್ತಿತ್ತು. ವಾಪಸು ಬಂದು ಉಪ್ಪನ್ನು ಡಬ್ಬಿಗೆ ಹಾಕಿ, ಏನೂ ಆಗದವಳಂತೆ ಒಲೆ ಹಚ್ಚುತ್ತಿದ್ದಳು. ಇದನ್ನು ನಾನು ದಿನಾ ನೋಡುತ್ತಿದ್ದೆ. ಸಮಾಧಾನದ ಮಾತು ಆಡೋಣವೆಂದರೆ ನನಗೆ ಬರುವುದಿಲ್ಲ. ಆದ್ದರಿಂದ ಬೇರೆ ಪ್ರಾಣಿ ತರುವುದೆಂದು ತೀರ್ಮಾನಿಸಿದೆ.

"ಒಂದು ನಾಯಿಮರಿ ತರ್ಲೇನು?" ಎಂದೆ.

"ಕೂದಲು."

"ಬೆಕ್ಕು?"

"ಅದಕ್ಕೂ ಕೂದಲು."

"ಕೋಳಿ?"

"ಪುಕ್ಕ. ಸುಮ್ನಿರಿ ಮಾರಾಯ್ರೆ, ನಂಗೆ ಎಂತದೂ ಬ್ಯಾಡ." ಅವಳು ಸೊರಬದ ಕಡೆಯ ಜಡೆ ಎಂಬ ಊರಿನ ಹೆಣ್ಣು. ಮಾರಾಯ್ರೆ ಎಂದಳೆಂದರೆ ಮಾತು ಮುಗಿಯಿತು ಎಂದೇ ಅರ್ಥ.

ಆದರೆ ನನ್ನ ತಲೆ ಅಷ್ಟಕ್ಕೇ ನಿಲ್ಲುವ ತಲೆಯೇ? ಕೂದಲಿರಬಾರದು, ಧೂಳಿರಬಾರದು, ಆದರೆ ಉಪ್ಪು ಬೇಕೆನ್ನುವ ಪ್ರಾಣಿಯಾಗಿರಬೇಕು. ಶಿವಮೊಗ್ಗದ ಒಂದು ಮೀನಿನ ಅಂಗಡಿಯಲ್ಲಿ ಅದು ಸಿಕ್ಕೇಬಿಟ್ಟಿತು. ಉಪ್ಪುನೀರಿನ ಗಾಜಿನ ಪೆಟ್ಟಿಗೆಯೊಳಗೆ, ಕೆಂಪು ಬೆನ್ನು, ಬೆನ್ನುದ್ದಕ್ಕೂ ಬಿಳಿ ಪಟ್ಟೆ, ಮೈಗಿಂತ ಉದ್ದನೆಯ ಬಿಳಿ ಮೀಸೆಗಳ ಒಂದು ಸಿಗಡಿ ಗಂಭೀರವಾಗಿ ಮೀಸೆ ಆಡಿಸುತ್ತ ಕೂತಿತ್ತು. ನಮ್ಮೂರಿನ ಹಳೆಯ ಪಟೇಲರನ್ನು ನೋಡಿದ ಹಾಗಾಯಿತು.

ಅಂಗಡಿಯವರು ಎಚ್ಚರಿಸಿದರು. "ಇದು ಬಹಳ ಸೂಕ್ಷ್ಮ ಸಾರ್. ಹೊಸ ಟ್ಯಾಂಕಿಗೆ ತಕ್ಷಣ ಬಿಡಬಾರದು. ಮೊದಲು ಟ್ಯಾಂಕ್ ಒಯ್ದು, ನಾನು ಕೊಡೋ ಸಮುದ್ರದ ಉಪ್ಪು ಬೆರೆಸಿ, ಕಲ್ಲು ಹಾಕಿ ತಿಂಗಳುಗಟ್ಟಲೆ ಸುಮ್ಮನೆ ಬಿಡಿ. ನೀರು ಹದಕ್ಕೆ ಬರಬೇಕು."

"ಗೊತ್ತಾತು ಬಿಡ್ರಿ," ಎಂದೆ. ಗೊತ್ತಾತು ಎಂದು ನಾನು ಅಂದಾಗೆಲ್ಲ ಏನಾಗುತ್ತದೆಂದು ಹಾಲಮ್ಮನನ್ನು ಕೇಳಬೇಕು.

ಟ್ಯಾಂಕು ಬಂತು. ನಡುಮನೆಯ ಮೇಜಿನ ಮೇಲೆ ಪ್ರತಿಷ್ಠಾಪನೆಯಾಯಿತು. ಅಂಗಡಿಯವರ ಉಪ್ಪಿನ ಪೊಟ್ಟಣವನ್ನು ಪಕ್ಕಕ್ಕಿಟ್ಟೆ. ಉಪ್ಪಿನಲ್ಲಿ ಎಂಥ ವಿಶೇಷ! ಕುರಿಗಳಿಗೆಂದು ತಂದಿದ್ದ ಅರ್ಧ ಚೀಲ ಕಲ್ಲುಪ್ಪು ಮನೆಯಲ್ಲೇ ಕೊಳೆಯುತ್ತಿತ್ತು. ಧಾರಾಳವಾಗಿ ಸುರಿದೆ, ಕದಡಿದೆ, ಬೆರಳದ್ದಿ ರುಚಿಯನ್ನೂ ನೋಡಿದೆ. ನಂತರ ಹೆಮ್ಮೆಯಿಂದ ಅಂಗಡಿಯವರಿಗೆ ಫೋನ್ ಮಾಡಿದೆ.

ಅವರು ಹೇಳಿದ್ದು ಇಷ್ಟೇ. "ಸಾರ್, ಆ ನೀರಿಗೆ ಮಾವಿನಕಾಯಿ ಹಾಕಿ. ಸಿಗಡಿ ಹಾಕಬೇಡಿ."

ಅಷ್ಟೂ ನೀರನ್ನು ಹಿತ್ತಲಿಗೆ ಚೆಲ್ಲಿದೆ. ಚೆಲ್ಲಿದ ಜಾಗದಲ್ಲಿ ಕರಿಬೇವಿನ ಗಿಡ ಇತ್ತು ಎಂಬುದು ಅದು ಹಳದಿಯಾಗಿ ಎಲೆ ಉದುರಿಸತೊಡಗಿದಾಗ ಅರಿವಿಗೆ ಬಂತು. ಅದು ನಮ್ಮ ಗಿಡವಾದರೂ ಒಗ್ಗರಣೆ ಶಾಂತಕ್ಕನದು. ಮದುವೆಯಾಗಿ ಬಂದಾಗಿನಿಂದ ಅವಳು ದಿನಾ ನಮ್ಮ ಬೇಲಿಯಾಚೆಯಿಂದಲೇ ಕೈಚಾಚಿ ಎಲೆ ಕೀಳುತ್ತಿದ್ದಳು.

"ಏನಣ್ಣಾರೆ, ಸಮುದ್ರ ತರಾಕ್ ಹೋಗಿ ನನ್ನ ಕರಿಬೇವು ಮುಳುಗ್ಸಿದ್ರಲ್ರಿ!" ಎಂದಳು.

ಎರಡನೆಯ ಸಲ ಹೇಳಿದಂತೆ ಕೇಳಿದೆ. ಅವರ ಉಪ್ಪು, ಶುದ್ಧ ನೀರು, ಒಂದಿಷ್ಟು ಮರಳು, ನಾಲ್ಕು ಕಲ್ಲು. ಆಮೇಲೆ ಕಾಯುವ ಕೆಲಸ. ನಮ್ಮನೆಗೆ ಸಮುದ್ರ ಬಂದಿದೆಯಂತೆ ಎಂದು ಬೀದಿಯವರೆಲ್ಲ ನೋಡಲು ಬಂದರು. ಬಂದವರಿಗೆಲ್ಲ ಬರೀ ನೀರು ತೋರಿಸಬೇಕಾಯಿತು! "ನೀರು ಚಲೋ ಐತಿ," ಎಂದು ಹೇಳಿ, ಚಹಾ ಕುಡಿದು ಹೋದರು.

ಹಾಲಮ್ಮ ಮಾತ್ರ ಅತ್ತ ತಿರುಗಿ ನೋಡಲಿಲ್ಲ. ಒಂದು ಬೆಳಿಗ್ಗೆ ನೋಡುತ್ತೇನೆ, ಮತ್ತೆ ಮುಷ್ಟಿಯಲ್ಲಿ ಉಪ್ಪು ಹಿಡಿದು ಹಿತ್ತಲಿಗೆ ಹೊರಟಿದ್ದಾಳೆ. ನನ್ನಿಂದ ತಡೆಯಲಾಗಲಿಲ್ಲ. ನೀರು ಹದಕ್ಕೆ ಬರಲು ಇನ್ನೂ ಸಾಕಷ್ಟು ದಿನ ಬೇಕಿತ್ತು, ನನ್ನ ಹದ ಮಾತ್ರ ಅವತ್ತೇ ತಪ್ಪಿತು. ಶಿವಮೊಗ್ಗದ ಬಸ್ಸು ಹತ್ತಿದೆ. "ನೀರು ಹದ ಆಗೇತ್ರಿ, ಬಂಗಾರದಂಗ ಐತಿ," ಎಂದು ಅಂಗಡಿಯವರಿಗೆ ರಾಜಾರೋಷವಾಗಿ ಸುಳ್ಳು ಹೇಳಿ, ಸಿಗಡಿಯನ್ನು ನೀರಿನ ಚೀಲದೊಳಗೆ ಕೂಡಿಸಿ, ತೊಡೆಯ ಮೇಲಿಟ್ಟುಕೊಂಡು ತಂದೆ. ಬಸ್ಸು ಗುಂಡಿಗೆ ಇಳಿದಾಗೆಲ್ಲ ನಾನೂ ಸಿಗಡಿಯೂ ಒಟ್ಟಿಗೆ ಹಾರುತ್ತಿದ್ದೆವು.

ಹಾಲಮ್ಮ ಬಾಗಿಲಲ್ಲೇ ತಡೆದಳು.

"ನೋಡ್ರಿ, ಒಂದು ಮಾತು ಹೇಳ್ತೆ. ಇದೇನಾರೂ ಸತ್ತೋದ್ರೆ ಇನ್ಯಾವ ಜೀವಾನೂ ಈ ಹೊಸ್ತಿಲು ದಾಟಿಸಬ್ಯಾಡಿ. ಕಳಕೊಂಡಿದ್ದು ಸಾಕು. ನಂಗೆ ಇನ್ನು ತಡಿಯಕ್ಕೆ ಆಗದಿಲ್ಲ."

ನಾನು ಚೀಲವನ್ನು ಎದೆಗವಚಿಕೊಂಡು ಮೆಲ್ಲಗೆ ಒಳಗೆ ನುಸುಳಿದೆ.

ಸಿಗಡಿಯನ್ನು ನೇರವಾಗಿ ಟ್ಯಾಂಕಿಗೆ ಸುರಿಯಬಾರದು, ಒಂದು ಪಾತ್ರೆಯಲ್ಲಿಟ್ಟು ಟ್ಯಾಂಕಿನ ನೀರನ್ನು ಅದಕ್ಕೆ ಹನಿಹನಿಯಾಗಿ ಬಿಡುತ್ತ ಒಗ್ಗಿಸಬೇಕು ಎಂದಿದ್ದರು ಅಂಗಡಿಯವರು. ಹನಿಹನಿಯಾಗಿ! ಯಾರಿಗೆ ಹೇಳುತ್ತಿದ್ದಾರೆ? ಮೆಣಸಿನಗಿಡಕ್ಕೆ ಹನಿ ನೀರಾವರಿ ಮಾಡಿಸಿದವನಲ್ಲವೇ ನಾನು! ಹೊಲದ ಪೈಪಿನ ಒಂದು ತುಂಡು ತಂದು, ಒಂದು ತುದಿಯನ್ನು ಟ್ಯಾಂಕಿಗೆ ಇಳಿಬಿಟ್ಟು, ಇನ್ನೊಂದು ತುದಿಗೆ ಹನಿ ಬೀಳಿಸುವ ಬಿರಡೆ ಸಿಕ್ಕಿಸಿ, ನೆಲದ ಮೇಲೆ ಪಾಯಸದ ಬೋಗುಣಿಯಲ್ಲಿ ಸಿಗಡಿಯನ್ನು ಕೂರಿಸಿದೆ. ಹನಿ ಬೀಳತೊಡಗಿತು. ಈ ತಾಂತ್ರಿಕ ಸಾಧನೆಯನ್ನು ಯಾರಿಗಾದರೂ ಹೇಳಲೇಬೇಕೆಂದು ಬೇಲಿಯ ಹತ್ತಿರ ಹೋದೆ.

"ಅಲ್ರಿ ಅಣ್ಣಾರೆ, ಒಂದು ಸಿಗಡಿಗೆ ಇಷ್ಟೆಲ್ಲಾನಾ?" ಎಂದಳು ಶಾಂತಕ್ಕ. "ಸಂತೆಯಾಗ ಒಣಗಿದ್ದು ರಾಶಿ ಹಾಕ್ಕೊಂಡು ಕುಂತಿರ್ತಾರಲ್ರಿ! ಗುಡವಿ ಪಕ್ಷಿಧಾಮದ ಕೊಕ್ಕರೆಗಳಿಗೆ ಮಾತ್ರ ಸುದ್ದಿ ಮುಟ್ಟಿಸಬ್ಯಾಡ್ರಿ. ಇರೋದು ಒಂದೇ ಸಿಗಡಿ."

ಆಗಲೇ ಕುರಿ ಸಾಕಿದವನಿಗೆ ಇದು ಯಾವ ಮಹಾ ಲೆಕ್ಕ ಎಂಬ ಆ ಐತಿಹಾಸಿಕ ಮಾತು ನನ್ನ ಬಾಯಿಂದ ಬಂದದ್ದು. ಬಾಯಿ ಮುಚ್ಚುವಷ್ಟರಲ್ಲಿ ಒಳಗಿಂದ ಹಾಲಮ್ಮ ಕೂಗಿದಳು.

"ರೀ! ಬರ್ರಿ! ಸಮುದ್ರ ಅಡುಗೆಮನಿಗೆ ಬಂತು!"

ಬಿರಡೆ ಕಿತ್ತು ಹಾರಿತ್ತು. ಬೋಗುಣಿ ತುಂಬಿ ಹರಿದು ನಡುಮನೆ ಕೆರೆಯಾಗಿತ್ತು. ಸಿಗಡಿ ಬೋಗುಣಿಯಲ್ಲಿ ಇರಲಿಲ್ಲ! ಪ್ರವಾಹದ ಜೊತೆ ತೇಲುತ್ತ ಅಡುಗೆಮನೆಯ ಹೊಸ್ತಿಲಿಗೆ ಬಂದು ಸಿಕ್ಕಿಕೊಂಡಿತ್ತು. ನಾನು ಕಾಲು ಜಾರಿ ಬೋಗುಣಿಯ ಪಕ್ಕ ಕುಳಿತೆ. ಹಾಲಮ್ಮ ಒಂದು ಕ್ಷಣವೂ ಯೋಚಿಸಲಿಲ್ಲ. ಬಾಗಿ, ಎರಡೂ ಅಂಗೈ ಜೋಡಿಸಿ, ನೀರಿನ ಸಮೇತ ಅದನ್ನು ಬಾಚಿಕೊಂಡು ಟ್ಯಾಂಕಿನೊಳಗೆ ಮೆಲ್ಲಗೆ ಇಳಿಸಿದಳು. ನಾನು ಪೈಪನ್ನು ಕಿತ್ತುಹಾಕಿ, ಕುರ್ಚಿಯ ಮೇಲಿದ್ದ ಯಾವುದೋ ಹಸಿರು ಬಟ್ಟೆ ಎಳೆದುಕೊಂಡು ನೆಲ ಒರೆಸಿದೆ.

ಸಿಗಡಿ ಕಲ್ಲಿನ ಮೇಲೆ ಕೂತು ಮೀಸೆ ಸರಿಮಾಡಿಕೊಂಡಿತು.

"ಹೆದರಬ್ಯಾಡ ಮೀಸೆಪ್ಪ," ಎಂದಳು ಹಾಲಮ್ಮ. "ಇವರು ಯಾವಾಗ್ಲೂ ಹೀಂಗೇ."

ಹೆಸರಿಟ್ಟಾಯಿತು! ನೆಲದ ಮೇಲೆ ಒದ್ದೆಯಾಗಿ ಕೂತಿದ್ದ ನನ್ನ ಕಣ್ಣು ತುಂಬಿತು. ಉಪ್ಪುನೀರು ಸಿಡಿದದ್ದು ಎಂದು ಹೇಳಿಕೊಂಡೆ.

ಆಮೇಲಿನ ದಿನಗಳು ಬಹಳ ಚೆನ್ನಾಗಿದ್ದವು. ಮೀನುಗಳ ಮೈ ಚೊಕ್ಕ ಮಾಡುವುದು ಆ ಜಾತಿಯ ಸಿಗಡಿಯ ಕಸುಬಂತೆ. ಟ್ಯಾಂಕಿನಲ್ಲಿ ಮೀನಿರಲಿಲ್ಲ, ಹಾಲಮ್ಮನ ಕೈ ಇತ್ತು. ಅವಳು ಬೆಳಿಗ್ಗೆ ಕೈ ತೊಳೆದು ನೀರಿಗೆ ಇಳಿಬಿಟ್ಟರೆ ಮೀಸೆಪ್ಪ ಓಡಿಬಂದು ಬೆರಳು ಹತ್ತಿ, ಉಗುರಿನ ಸಂದಿಯನ್ನೆಲ್ಲ ಪುಟ್ಟ ಕಾಲುಗಳಿಂದ ಕೆದಕಿ ಶುಚಿ ಮಾಡುತ್ತಿತ್ತು. "ಕಚಗುಳಿ ಆಗ್ತದೆ ಕಣೋ!" ಎಂದು ಅವಳು ಗದರುವಳು, ಕೈ ಮಾತ್ರ ತೆಗೆಯಳು. ಉಪ್ಪಿನ ಡಬ್ಬಿಯ ಮುಚ್ಚಳ ಅಡುಗೆಯ ಹೊತ್ತಿಗೆ ಮಾತ್ರ ತೆರೆಯತೊಡಗಿತು. ನಾನು ಬೀದಿಯಲ್ಲಿ ಎದೆಯುಬ್ಬಿಸಿ ನಡೆದೆ.

ಒಂದು ಬೆಳಿಗ್ಗೆ ಟ್ಯಾಂಕಿನ ಮುಂದೆ ಹಾಲಮ್ಮ ನಿಂತೇ ಇದ್ದಳು. ಕೈ ನೀರಿನಲ್ಲಿರಲಿಲ್ಲ.

ತಳದ ಮರಳಿನ ಮೇಲೆ ಮೀಸೆಪ್ಪ ಅಂಗಾತ ಬಿದ್ದಿತ್ತು. ಮೀಸೆ, ಕಾಲು, ಬಾಲ ಎಲ್ಲವೂ ಇತ್ತು. ಮಿಸುಕಾಟ ಮಾತ್ರ ಇರಲಿಲ್ಲ. ಬಣ್ಣವೂ ಮಾಸಿತ್ತು.

ಅವಳು ಅಳಲಿಲ್ಲ, ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ವಾಸಿಯಿತ್ತು. ನೀರು ಹದವಾಗುವ ಮೊದಲೇ ತಂದವನು ನಾನು, ಸುಳ್ಳು ಹೇಳಿ ತಂದವನು ನಾನು. ಅವಳಿಗೆ ಸಂತೋಷ ಕೊಡುವ ಆತುರದಲ್ಲಿ ಇನ್ನೊಂದು ದುಃಖ ತಂದಿಟ್ಟಿದ್ದೆ.

"ಮರಿಗಳಿಗೆ ಮಾಡಿದಾಂಗೇ ಮಾಡನ," ಎಂದಳು.

ನಮ್ಮ ಮನೆಯಲ್ಲಿ ಅವಳ ಕೈಯಲ್ಲಿ ಬೆಳೆದ ಮರಿ ಸತ್ತರೆ ದೊಡ್ಡಿಯ ಮೂಲೆಯಲ್ಲಿ ಮಣ್ಣು ಮಾಡುವುದು, ಆ ದಿನ ಒಲೆ ಹಚ್ಚದಿರುವುದು ಮೊದಲಿನಿಂದ ನಡೆದುಬಂದದ್ದು. ಸೌಟಿನಿಂದ ಮೆಲ್ಲಗೆ ಎತ್ತಿದೆ. ಗಾಳಿಯಷ್ಟು ಹಗುರವಿತ್ತು. ಪಾಪ, ಎಷ್ಟು ಸೊರಗಿತ್ತು ಎಂದುಕೊಂಡೆ. ಹಳದಿ ಬಟ್ಟೆಯ ಚೂರಿನಲ್ಲಿ ಸುತ್ತಿ, ಭಂಡಾರದ ಅರಿಶಿನ ಹಚ್ಚಿ, ಗುಂಡಿಯಲ್ಲಿಟ್ಟೆವು. ಹಾಲಮ್ಮ ಮೇಲೆ ಒಂದು ಚಿಟಿಕೆ ಉಪ್ಪು ಹಾಕಿದಳು. ಮಣ್ಣೆಳೆಯುವಾಗ ನನಗೆ ನಿಜಕ್ಕೂ ಅಳು ಬಿಕ್ಕಿ ಬಂತು. ಆರಡಿ ಆಳು ನಾನು!

ಒಲೆ ಹಚ್ಚದ ಮನೆಗೆ ಪಕ್ಕದವರು ಬುತ್ತಿ ತರುವುದು ನಮ್ಮ ಬೀದಿಯ ಪದ್ಧತಿ. ಹೊಗೆಯಾಡದ್ದನ್ನು ಕಂಡು ಶಾಂತಕ್ಕ ವಿಷಯ ತಿಳಿದುಕೊಂಡು ಹೋದವಳು, ಕರಿಬೇವಿನ ಸಿಟ್ಟನ್ನೆಲ್ಲ ಮರೆತು ಮಧ್ಯಾಹ್ನಕ್ಕೆ ರೊಟ್ಟಿ ಬುತ್ತಿ ತಂದಳು. "ಹೋದ ಜೀವ ಬರಂಗಿಲ್ಲ, ಎರಡು ತುತ್ತು ತಿನ್ರಿ," ಎಂದು ಕಣ್ಣೊರೆಸಿಕೊಳ್ಳುತ್ತ ಬಡಿಸಿದಳು. ಹಾಲಮ್ಮ ಮುಟ್ಟಲಿಲ್ಲ. ನಾನು ದುಃಖದಲ್ಲೇ ಒಂದು ರೊಟ್ಟಿ ಮುಗಿಸಿ ಇನ್ನೊಂದಕ್ಕೆ ಕೈಹಾಕಿದೆ. ಚಟ್ನಿ ಅಷ್ಟು ಚೆನ್ನಾಗಿತ್ತು.

ಹಾಲಮ್ಮ ನನ್ನ ತಟ್ಟೆಯನ್ನೇ ನೋಡುತ್ತಿದ್ದಳು.

"ಶಾಂತಕ್ಕ, ಅದು ಎಂತ ಚಟ್ನಿ?"

ಶಾಂತಕ್ಕನ ಕೈ ಬಾಯಿಗೆ ಹೋಯಿತು. "ಅಯ್ಯೋ ನನ್ನ ಬುದ್ಧಿಗಿಷ್ಟು! ಒಣ ಸಿಗಡೀದು ಕಣವ್ವಾ!"

ತುತ್ತು ನನ್ನ ಗಂಟಲಲ್ಲೇ ನಿಂತಿತು. ಮಣ್ಣು ಮಾಡಿದ ಕೈಯಿಂದಲೇ ಅವನ ಬಂಧುಬಳಗವನ್ನು ರೊಟ್ಟಿಗೆ ಹಚ್ಚಿಕೊಂಡು ತಿಂದಿದ್ದೆ! ಉಗುಳುವಂತಿಲ್ಲ, ನುಂಗುವಂತಿಲ್ಲ. ಶಾಂತಕ್ಕ ನಾಚಿಕೆಯಿಂದ ಎದ್ದು, ಹೋದವನಿಗೆ ತಪ್ಪಾಯಿತು ಎಂದು ಕೈಮುಗಿಯಲು ಟ್ಯಾಂಕಿನ ಮುಂದೆ ನಿಂತಳು. ಮುಗಿದ ಕೈ ಹಾಗೇ ಉಳಿಯಿತು.

"ಅಣ್ಣಾರೆ... ಸತ್ತೋರು ಮೀಸೆ ಆಡಿಸ್ತಾರೇನ್ರಿ?"

ಕಲ್ಲಿನ ಹಿಂದಿನಿಂದ ಎರಡು ಬಿಳಿ ಮೀಸೆಗಳು ಹೊರಗೆ ಚಾಚಿ ಆಡುತ್ತಿದ್ದವು! ಹಾಲಮ್ಮ ಓಡಿಬಂದು ನೀರಿಗೆ ಕೈಯಿಟ್ಟಳು. ಮೀಸೆಪ್ಪ ಅರ್ಧ ಮೈ ಮಾತ್ರ ಹೊರಗೆ ಹಾಕಿ, ಹೊಸ ಕೆಂಪಿನಲ್ಲಿ ಥಳಥಳಿಸುತ್ತ, ಅವಳ ಬೆರಳ ತುದಿಯನ್ನು ಒಮ್ಮೆ ಮುಟ್ಟಿ ಮತ್ತೆ ಒಳಗೆ ಸರಿದ.

ಕೂಡಲೇ ಅಂಗಡಿಯವರಿಗೆ ಫೋನ್ ಮಾಡಿದೆ. ಅವರಿಗೆ ನಗು ತಡೆಯಲಾಗಲಿಲ್ಲ. ಸಿಗಡಿ ಬೆಳೆಯುವಾಗ ಮೈಮೇಲಿನ ಚಿಪ್ಪನ್ನು ಮೀಸೆ ಸಮೇತ ಇಡಿಯಾಗಿ ಕಳಚಿಡುತ್ತದಂತೆ. ಹೊಸ ಚಿಪ್ಪು ಗಟ್ಟಿಯಾಗುವವರೆಗೆ ಎಲ್ಲಾದರೂ ಅವಿತಿರುತ್ತದಂತೆ. ಅಂದರೆ ನಾನು ಭಂಡಾರ ಹಚ್ಚಿ, ಬಿಕ್ಕಿ ಬಿಕ್ಕಿ ಅತ್ತು ಮಣ್ಣು ಮಾಡಿದ್ದು ಅವನು ಬಿಚ್ಚಿಟ್ಟ ಹಳೆಯ ಅಂಗಿಯನ್ನು!

ಹಾಲಮ್ಮ ನಕ್ಕಳು. ಕುರಿಗಳು ಹೋದ ಮೇಲೆ ಅವಳು ಹಾಗೆ ನಕ್ಕಿದ್ದು ನಾನು ಕೇಳಿರಲಿಲ್ಲ. ನಕ್ಕು ನಕ್ಕು ಉಬ್ಬಸ ಬರುತ್ತದೇನೋ ಎಂದು ನನಗೆ ಭಯವಾಯಿತು. ಬರಲಿಲ್ಲ. ಶಾಂತಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅದೇ ಚಟ್ನಿಯ ಜೊತೆ ಮೂರು ರೊಟ್ಟಿ ತಿಂದಳು.

"ಒಂದು ಮಾತು ಒಪ್ಪಿಕೊಳ್ಳಬೇಕು," ಎಂದು ನಾನು ಗಂಭೀರವಾಗಿ ಶುರುಮಾಡಿದೆ. "ಅಂವ ಹೊಸ ಅಂಗಿ ಹಾಕ್ಕೊಂಡಿದ್ದು ಯಾರಿಗಾದ್ರೂ ಹೆಂಗ ಗೊತ್ತಾಗಬೇಕು ಹೇಳು?"

"ನಿಮಗಂತೂ ಗೊತ್ತಾಗದಿಲ್ಲ ಬಿಡಿ," ಎಂದಳು ಹಾಲಮ್ಮ, ಕಣ್ಣೊರೆಸಿಕೊಳ್ಳುತ್ತ. "ನಾ ಹೊಸ ಸೀರೆ ಉಟ್ಟಿದ್ದು ಒಂದು ದಿನಾರೂ ನಿಮ್ಮ ಕಣ್ಣಿಗೆ ಬಿದ್ದಿದ್ಯ?"

ಇದು ನನ್ನ ಮರ್ಯಾದೆಯ ಪ್ರಶ್ನೆ. ಅವಳು ಉಟ್ಟಿದ್ದ ಸೀರೆಯನ್ನು ಪರೀಕ್ಷಿಸಿ ನೋಡಿ, "ಯಾಕ ಬಿದ್ದಿಲ್ಲ? ಇದು ಹೊಸದು. ಬಹಳ ಚಂದ ಐತಿ," ಎಂದೆ.

"ಇದು ನಮ್ಮ ಮಗಳ ಸೀಮಂತದ್ದು. ಮೊಮ್ಮಗ ಈಗ ಶಾಲಿಗೆ ಹೋಗ್ತಾನೆ."

ಶಾಂತಕ್ಕ ಬುತ್ತಿಯ ಡಬ್ಬಿಯೊಳಗೆ ಮುಖ ಹುದುಗಿಸಿದಳು.

"ಹೊಸದು ಬೇರೆ ಇತ್ತು," ಎಂದಳು ಹಾಲಮ್ಮ ಮೆಲ್ಲಗೆ. "ಮೀಸೆಪ್ಪ ಬಂದ ದಿನ ಉಡನ ಅಂತ ಮಡಿಕೆ ಬಿಚ್ಚಿ ಕುರ್ಚಿ ಮೇಲೆ ಇಟ್ಟಿದ್ದೆ. ಹಸಿರು ಬಣ್ಣದ್ದು."

ಮೀಸೆಪ್ಪ ಸರಕ್ಕನೆ ಕಲ್ಲಿನ ಹಿಂದೆ ಸರಿದ. ನಾನೂ ಅಲ್ಲೇ ಸ್ವಲ್ಪ ಜಾಗ ಹುಡುಕಿದೆ.